ಹದಿನೆಂಟು ತುಂಬಿದ ಮರುದಿನ

ಮಕ್ಕಳ ಹುಟ್ಟುಹಬ್ಬದ ದಿನ ಅನಾಥಾಲಯದಲ್ಲಿ ಊಟ ಹಾಕಿಸುವ ಪದ್ಧತಿ ನಮ್ಮ ನಗರಗಳ ಮಧ್ಯಮ ವರ್ಗದಲ್ಲಿ ಚೆನ್ನಾಗಿ ಬೇರೂರಿದೆ. ಕೇಕು, ಪಾಯಸ, ಒಂದೆರಡು ಫೋಟೊ, ಸಾಲಾಗಿ ನಿಂತ ಮಕ್ಕಳಿಂದ ಒಂದು ಹಾಡು. ಇದನ್ನು ಗೇಲಿ ಮಾಡುವ ಉದ್ದೇಶ ನನಗಿಲ್ಲ. ಅಂತಹ ಸಾಲಿನಲ್ಲಿ ಒಂಬತ್ತು ವರ್ಷ ನಿಂತವನು ನಾನು. ಪಾಯಸದ ದಿನಗಳಿಗಾಗಿ ಕಾಯುತ್ತಿದ್ದೆವು. ಆದರೆ ಅದೇ ಮಕ್ಕಳು ತಮ್ಮ ಹದಿನೆಂಟನೆಯ ಹುಟ್ಟುಹಬ್ಬದ ಮರುದಿನ ಎಲ್ಲಿಗೆ ಹೋಗುತ್ತಾರೆ ಎಂದು ದಾನಿಗಳು ವಿಚಾರಿಸಿದ್ದನ್ನು ನಾನು ಕಂಡಿಲ್ಲ. ಕಾನೂನಿನ ಕಣ್ಣಿನಲ್ಲಿ ಅಂದಿಗೆ ಅವರ ಬಾಲ್ಯ ಮುಗಿದಿರುತ್ತದೆ. ಹಾಸಿಗೆಯನ್ನು ಇನ್ನೊಂದು ಮಗುವಿಗೆ ಬಿಟ್ಟುಕೊಡಬೇಕು.

ನನ್ನ ತಾಯಿ ಬೀಡಿ ಕಟ್ಟುತ್ತಿದ್ದರು. ಕ್ಷಯದಿಂದ ಅವರು ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ತಂದೆ ಅದಕ್ಕೂ ಮೊದಲೇ ಮನೆ ಬಿಟ್ಟಿದ್ದರು. 1983ರ ಬೇಸಿಗೆಯಲ್ಲಿ ಪಿಯುಸಿ ಮುಗಿಸಿ ಅನಾಥಾಲಯದಿಂದ ಹೊರಬಿದ್ದಾಗ ನನ್ನ ಬಳಿ ಇದ್ದದ್ದು ಒಂದು ಟ್ರಂಕು, ಎರಡು ಜೊತೆ ಬಟ್ಟೆ, ವರ್ಗಾವಣೆ ಪತ್ರ. ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ತಂದೆ ತಾಯಿಗೆ ಏನಾಯಿತೆಂದು ವಿಚಾರಿಸಿದರು, ಮರುಗಿದರು, ಕಳುಹಿಸಿದರು. ಮುದ್ರಣಾಲಯವೊಂದರ ಮಾಲೀಕರು ಮಾತ್ರ ಬೇರೆಯದೇ ಪ್ರಶ್ನೆ ಕೇಳಿದರು: ‘ರಾತ್ರಿ ಎಲ್ಲಿ ಮಲಗ್ತೀಯಪ್ಪಾ?’ ನನ್ನಲ್ಲಿ ಉತ್ತರವಿರಲಿಲ್ಲ. ಕಾಗದದ ಕಟ್ಟುಗಳ ಹಿಂದೆ ಚಾಪೆ ಹಾಸಲು ಜಾಗ ಕೊಟ್ಟರು. ಹಗಲು ಮೊಳೆ ಜೋಡಿಸುವ ಕೆಲಸ, ಸಂಜೆ ಕಾಲೇಜು. ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸ ಸಿಗುವವರೆಗೆ ಅದೇ ನನ್ನ ಮನೆ.

ಕಷ್ಟದ ಬಾಲ್ಯ ಮನುಷ್ಯನನ್ನು ತಾನಾಗಿಯೇ ಕರುಣಾಳುವಾಗಿಸುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ. ‘ನಾವು ಬೀದಿದೀಪದ ಕೆಳಗೆ ಓದಲಿಲ್ಲವೆ? ಈಗಿನವರಿಗೆ ಎಲ್ಲವೂ ಕೈಗೇ ಬರಬೇಕು’ ಎಂದು ಗದರುವವರಲ್ಲಿ ಹಸಿವನ್ನು ಬಲ್ಲವರೇ ಬಹಳ. ವೇದಿಕೆಯೇರಿ ಸಾಧನೆಯ ಕಥೆ ಹೇಳಿದರೆ ಹುಡುಗರು ಚಪ್ಪಾಳೆ ತಟ್ಟುತ್ತಾರೆ, ಅಷ್ಟೆ. ಪಟ್ಟ ಪಾಡು ಉಪಯೋಗಕ್ಕೆ ಬರುವುದು ತೀರ ಸಣ್ಣ ಸಂಗತಿಗಳಲ್ಲಿ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರಿಗೆ, ವಿದೇಶಿಯರು ಹಣ್ಣಿನ ಬೆಲೆ ಕೇಳಿದಾಗ ಭಾಷೆ ಅರ್ಥವಾಗಲಿಲ್ಲ. ಆ ಮುಜುಗರವನ್ನು ಮರೆಯದೆ ಅವರು ತಮ್ಮೂರಿನ ಮಕ್ಕಳಿಗೊಂದು ಶಾಲೆ ಆಗುವಂತೆ ಮಾಡಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ತಮಗೆ ಯಾವುದು ಸಿಕ್ಕಿರಲಿಲ್ಲವೋ ನಿಖರವಾಗಿ ಅದನ್ನೇ ಅವರು ಕೊಟ್ಟರು.

ನಾನೂ ಇಬ್ಬರು ಸ್ನೇಹಿತರೂ ಬೆಂಗಳೂರಿನಲ್ಲಿ ಹನ್ನೆರಡು ವರ್ಷಗಳಿಂದ ಮಾಡುತ್ತಿರುವುದು ಅದಕ್ಕಿಂತ ಬಹಳ ಚಿಕ್ಕ ಕೆಲಸ. ಅದಕ್ಕೆ ಹೆಸರಿಲ್ಲ, ಫಲಕವಿಲ್ಲ. ಸಂಸ್ಥೆಗಳಿಂದ ಹೊರಬಂದ ಹುಡುಗ ಹುಡುಗಿಯರಿಗೆ ಕೋಣೆಯ ಅಡ್ವಾನ್ಸ್ ಹೊಂದಿಸುತ್ತೇವೆ. ತಂದೆಯ ಸಹಿ ಬೇಕೆನ್ನುವ ಮನೆ ಮಾಲೀಕರ ಮುಂದೆ ನಾವು ಸಹಿ ಹಾಕುತ್ತೇವೆ. ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವರಿಗೆ ತರಕಾರಿಯ ಬೆಲೆ ತಿಳಿದಿರುವುದಿಲ್ಲ. ಸಂಬಳವನ್ನು ಮೂವತ್ತು ದಿನಗಳಿಗೆ ಹಂಚುವ ಅಭ್ಯಾಸವಿರುವುದಿಲ್ಲ. ಮೊದಲ ಸಂಬಳವನ್ನೆಲ್ಲ ಮೊಬೈಲಿಗೆ ಸುರಿದ ಹುಡುಗನೊಬ್ಬನನ್ನು ನನ್ನ ಸ್ನೇಹಿತರು ಬೈಯಲು ಹೊರಟಾಗ ನಾನೇ ತಡೆದೆ. ತನ್ನದು ಎಂದು ಬೀಗ ಹಾಕಿಡುವ ಒಂದು ವಸ್ತುವೂ ಅವನಿಗೆ ಅಲ್ಲಿಯವರೆಗೆ ಇರಲಿಲ್ಲ. ನರ್ಸಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ದೀಪಾವಳಿಗೆ ಹಾಸ್ಟೆಲ್ ಮುಚ್ಚಿದಾಗ ಗೆಳತಿಯರಂತೆಯೇ ‘ಊರಿಗೆ ಹೋಗ್ತೀನಿ’ ಎಂದು ಹೇಳಿ, ಇಡೀ ರಾತ್ರಿಯನ್ನು ಬಸ್ ನಿಲ್ದಾಣದಲ್ಲಿ ಕಳೆದಿದ್ದಳು. ಅಂದಿನಿಂದ ಹಬ್ಬದ ರಜೆಗಳಲ್ಲಿ ನಮ್ಮ ಮನೆಯ ಒಂದು ಕೋಣೆಯನ್ನು ನನ್ನ ಪತ್ನಿ ನೆಂಟರಿಗೂ ಕೊಡುವುದಿಲ್ಲ.

ಸರ್ಕಾರ ಸುಮ್ಮನಿದೆ ಎನ್ನಲಾಗದು. 1986ರ ಕಾಯ್ದೆಯಲ್ಲಿ ಗಂಡುಮಕ್ಕಳ ಬಾಲ್ಯ 16ಕ್ಕೇ ಮುಗಿಯುತ್ತಿತ್ತು. 2000ದ ಕಾಯ್ದೆ ಅದನ್ನು 18ಕ್ಕೆ ಏರಿಸಿತು. 2015ರ ಬಾಲನ್ಯಾಯ ಕಾಯ್ದೆಯ 46ನೆಯ ಸೆಕ್ಷನ್, ಸಂಸ್ಥೆ ಬಿಟ್ಟು ಹೋಗುವವರಿಗೆ ಹಣಕಾಸಿನ ನೆರವು ‘ನೀಡಬಹುದು’ ಎನ್ನುತ್ತದೆ. ಸಾಮಾನ್ಯವಾಗಿ ಇದು 21ರ ವಯಸ್ಸಿನವರೆಗೆ. ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ನಿಗದಿಯಾಗಿರುವುದು ತಿಂಗಳಿಗೆ 4000 ರೂಪಾಯಿ. ಬೆಂಗಳೂರಿನಲ್ಲಿ ಇಷ್ಟರಲ್ಲಿ ಬಾಡಿಗೆಯನ್ನೂ ಊಟವನ್ನೂ ಒಟ್ಟಿಗೆ ನಿಭಾಯಿಸುವುದು ಹೇಗೆಂದು ಓದುಗರೇ ಲೆಕ್ಕ ಹಾಕಬಹುದು. ಆದರೂ ನನ್ನ ಆಕ್ಷೇಪ ಮೊತ್ತಕ್ಕಿಂತ ಆ ‘ಬಹುದು’ ಎಂಬ ಪದದ ಮೇಲೆ. ಬಹುದು ಎಂದಿರುವಲ್ಲಿ ಬೇಕು ಎಂದು ಪಟ್ಟು ಹಿಡಿಯಲು ಮನೆಯವರು ಇರಬೇಕಾಗುತ್ತದೆ, ಈ ಮಕ್ಕಳಿಗೆ ಇಲ್ಲದಿರುವುದೇ ಅದು. ನಮ್ಮ ಮನೆಗಳಲ್ಲಿ 21ರ ಮಗ ಇನ್ನೂ ಕಾಲೇಜಿನ ಶುಲ್ಕಕ್ಕೆ ಅಪ್ಪನನ್ನೂ ಊಟಕ್ಕೆ ಅಮ್ಮನನ್ನೂ ಕೂಗುತ್ತಿರುತ್ತಾನೆ. ಈ ನೆರವನ್ನು ಹಕ್ಕಾಗಿ ಮಾಡಬೇಕು. ಓದು ಮುಗಿಯುವವರೆಗೆ ವಿಸ್ತರಿಸಬೇಕು. ಹದಿನೇಳು ತುಂಬಿದಾಗಲೇ ಪ್ರತಿಯೊಬ್ಬರಿಗೂ ಆಧಾರ್, ಬ್ಯಾಂಕ್ ಖಾತೆ, ಅಗತ್ಯವಿದ್ದವರಿಗೆ ಜಾತಿ ಪ್ರಮಾಣಪತ್ರ ಸಿದ್ಧವಾಗಿರುವಂತೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳು ನೋಡಿಕೊಂಡರೆ ಅರ್ಧ ಅಲೆದಾಟ ತಪ್ಪುತ್ತದೆ.

ಹಣದಿಂದ ತುಂಬದ ಒಂದು ಕಾಲಂ ಮಾತ್ರ ಎಲ್ಲ ಅರ್ಜಿಗಳಲ್ಲೂ ಇದೆ: ‘ತುರ್ತು ಸಂದರ್ಭದಲ್ಲಿ ಯಾರನ್ನು ಸಂಪರ್ಕಿಸಬೇಕು?’ ಸದ್ಯ ಹದಿನೇಳು ಮಂದಿಯ ಅರ್ಜಿಗಳಲ್ಲಿ ಅಲ್ಲಿ ನನ್ನ ದೂರವಾಣಿ ಸಂಖ್ಯೆ ಇದೆ. ಪಕ್ಕದಲ್ಲಿ ‘ಸಂಬಂಧ’ ಎಂಬ ಇನ್ನೊಂದು ಕಾಲಂ. ಕಳೆದ ತಿಂಗಳು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಫೋನ್ ಮಾಡಿ, ‘ಇಲ್ಲಿ ಏನು ಬರೀಲಿ ಸಾರ್?’ ಎಂದ. ಚಿಕ್ಕಪ್ಪ ಎಂದು ಬರೆಯಲು ಹೇಳಿದೆ.