ಗಲ್ಲಿಯ ಗಟಾರದಿಂದ ಪಾಲಿಕೆಯ ಸಭೆಯವರೆಗೆ

ಬೊರಿವಲಿಯ ಸ್ಥಳೀಯ ಆಡಳಿತ ಬೃಹನ್ಮುಂಬಯಿ ಮಹಾನಗರ ಪಾಲಿಕೆಯದು. 1957ರಲ್ಲಿ ನಗರದ ಎಲ್ಲೆ ದಹಿಸರ್‌ವರೆಗೆ ಹಿಗ್ಗಿದಾಗ ಬೊರಿವಲಿಯೂ ಪಾಲಿಕೆಗೆ ಸೇರಿತು. ಕಂದಾಯದ ಲೆಕ್ಕದಲ್ಲಿ ಅದು ಇಂದಿಗೂ ಮುಂಬಯಿ ಉಪನಗರ ಜಿಲ್ಲೆಯ ಒಂದು ತಾಲೂಕು. ಆದರೆ ನೀರು, ಕಸ, ಗಟಾರ, ಹೋಟೆಲಿನ ಲೈಸೆನ್ಸು ಎಂದರೆ ಜನ ಹೋಗುವುದು ಆರ್ ಸೆಂಟ್ರಲ್ ವಾರ್ಡ್ ಆಫೀಸಿಗೆ. ಅಲ್ಲಿನ ಮುಖ್ಯಸ್ಥರು ಸಹಾಯಕ ಆಯುಕ್ತರು. ಅವರು ಅಧಿಕಾರಿ, ಜನ ಆರಿಸಿದವರಲ್ಲ.

ಜನ ಆರಿಸುವುದು ನಗರಸೇವಕರನ್ನು. ಇಡೀ ಮುಂಬಯಿಗೆ ಅವರು 227 ಮಂದಿ. ಇಷ್ಟು ದೊಡ್ಡ ಸಭೆಯಲ್ಲಿ ಒಂದು ಗಲ್ಲಿಯ ಮಾತು ಎದ್ದು ಕೇಳಿಸುವುದು ಕಷ್ಟ. ಅದಕ್ಕೇ ಇರುವುದು ವಾರ್ಡ್ ಸಮಿತಿ, ಮರಾಠಿಯಲ್ಲಿ ಪ್ರಭಾಗ ಸಮಿತಿ. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ 1888ರ ಮುಂಬಯಿ ಪಾಲಿಕೆ ಕಾಯ್ದೆಯಲ್ಲಿ ಇದಕ್ಕೆ ಜಾಗ ಮಾಡಲಾಯಿತು. ಆ ಭಾಗದ ನಗರಸೇವಕರು, ವಾರ್ಡಿನ ಅಧಿಕಾರಿ, ನಾಗರಿಕ ಸಂಸ್ಥೆಗಳಿಂದ ನಾಮನಿರ್ದೇಶನಗೊಂಡ ಗರಿಷ್ಠ ಮೂವರು ಇದರ ಸದಸ್ಯರು. ಬೊರಿವಲಿಗೂ ದಹಿಸರ್‌ಗೂ, ಎಂದರೆ ಆರ್ ಸೆಂಟ್ರಲ್ ಮತ್ತು ಆರ್ ನಾರ್ತ್ ವಾರ್ಡುಗಳಿಗೆ, ಸೇರಿ ಒಂದೇ ಸಮಿತಿ. ಅಧ್ಯಕ್ಷರನ್ನು ನಗರಸೇವಕರೇ ತಮ್ಮೊಳಗಿಂದ ಆರಿಸುತ್ತಾರೆ.

ಗಲ್ಲಿಯೊಂದರಲ್ಲಿ ಗಟಾರದ ಚಪ್ಪಡಿ ಒಡೆದಿದೆ ಎಂದುಕೊಳ್ಳೋಣ. ದೂರು ವಾರ್ಡ್ ಆಫೀಸಿನ ಎಂಜಿನಿಯರಿಗೆ ಹೋಗುತ್ತದೆ. ಬರಿಯ ಚಪ್ಪಡಿಯಾದರೆ ನಿರ್ವಹಣೆಯ ಹಣದಲ್ಲೇ ಮುಗಿಯಬಹುದು. ಗಟಾರವನ್ನೇ ಹೊಸದಾಗಿ ಕಟ್ಟಬೇಕೆಂದರೆ ಅಂದಾಜುಪಟ್ಟಿ ಬೇಕು, ಬಜೆಟ್ಟಿನಲ್ಲಿ ಹಣ ಬೇಕು, ಮಂಜೂರಾತಿ ಬೇಕು. ಬಜೆಟ್ಟಿನಲ್ಲಿ ಮೊದಲೇ ಹಣ ತೆಗೆದಿಟ್ಟಿದ್ದರೆ 5 ಲಕ್ಷ ರೂಪಾಯಿವರೆಗಿನ ಕೆಲಸಕ್ಕೆ ವಾರ್ಡ್ ಸಮಿತಿಯೇ ಒಪ್ಪಿಗೆ ಕೊಡಬಹುದೆಂದು ಕಾಯ್ದೆಯಲ್ಲಿದೆ. ಮುಂಬಯಿಯ ಇಂದಿನ ದರಗಳಲ್ಲಿ ಇದು ತೀರಾ ಸಣ್ಣ ಮೊತ್ತ. ಸಮಿತಿಯ ಕೈ ಕಟ್ಟಿರುವುದು ಇಲ್ಲಿಯೇ. ವಾರ್ಡಿನ ಖರ್ಚಿನ ಅಂದಾಜಿನ ಬಗ್ಗೆ ಅದು ಶಿಫಾರಸು ಮಾಡಬಹುದು, ನೀರು, ನೈರ್ಮಲ್ಯ, ಮಳೆನೀರಿನ ದೂರುಗಳನ್ನು ವಿಚಾರಿಸಬಹುದು. ದೊಡ್ಡ ಗುತ್ತಿಗೆಗಳು ಮಾತ್ರ ಫೋರ್ಟಿನ ಕೇಂದ್ರ ಕಚೇರಿಯಲ್ಲಿ ಸ್ಥಾಯೀ ಸಮಿತಿಯ ಮುಂದೆ ಹೋಗುತ್ತವೆ. ಕಾರ್ಯಾಡಳಿತದ ಅಧಿಕಾರವಂತೂ ರಾಜ್ಯ ಸರಕಾರ ನೇಮಿಸುವ ಆಯುಕ್ತರದು. ಮೇಯರ್ ಸಭೆಯನ್ನು ನಡೆಸುತ್ತಾರೆ, ಆಡಳಿತವನ್ನಲ್ಲ.

ಕರ್ನಾಟಕದ ಹಳ್ಳಿಯಿಂದ ಬಂದವರಿಗೆ ಇದು ಬೇರೆಯದೇ ಲೋಕ. ಊರಿನ ಗ್ರಾಮಸಭೆಯಲ್ಲಿ ಮತದಾರರೆಲ್ಲರೂ ಸದಸ್ಯರು, ಫಲಾನುಭವಿಗಳ ಪಟ್ಟಿಯನ್ನು ಎದ್ದು ನಿಂತು ಪ್ರಶ್ನಿಸಬಹುದು. ವಾರ್ಡ್ ಸಮಿತಿಯಲ್ಲಿ ಸಾಮಾನ್ಯ ಮತದಾರರಿಗೆ ಅಂಥ ಸ್ಥಾನವಿಲ್ಲ. ನಗರಸೇವಕರ ಮೂಲಕವೋ ಆ ಮೂವರು ನಾಮನಿರ್ದೇಶಿತರ ಮೂಲಕವೋ ಮಾತು ತಲುಪಬೇಕು. 1997ರ ಹೊತ್ತಿಗೆ ಪಾಲಿಕೆ ಶುರುಮಾಡಿದ ಎಎಲ್‌ಎಂ ಎಂಬ ಬಡಾವಣೆ ಗುಂಪುಗಳು ಕಸ, ಸ್ವಚ್ಛತೆಯ ವಿಷಯದಲ್ಲಿ ವಾರ್ಡಿನ ಅಧಿಕಾರಿಗಳೊಂದಿಗೆ ಕೂತು ಮಾತಾಡುವ ದಾರಿ ತೆರೆದವು. ಉಪಯುಕ್ತ ವ್ಯವಸ್ಥೆಯೇ. ಆದರೆ ಹಣ ಮಂಜೂರು ಮಾಡುವ ಅಧಿಕಾರ ಅವಕ್ಕಿಲ್ಲ.

2022ರ ಮಾರ್ಚಿನಲ್ಲಿ ನಗರಸೇವಕರ ಅವಧಿ ಮುಗಿದಾಗ ಚುನಾವಣೆ ನಡೆಯಲಿಲ್ಲ. ಪಾಲಿಕೆಯ ಸಭೆಯ ಮತ್ತು ಸಮಿತಿಗಳ ಅಧಿಕಾರವೆಲ್ಲ ಆಡಳಿತಾಧಿಕಾರಿಯ ಕೈಗೆ ಹೋಯಿತು. ಸುಮಾರು ನಾಲ್ಕು ವರ್ಷ ಬಜೆಟ್ಟುಗಳನ್ನು ಮಂಡಿಸಿದವರೂ ಮಂಜೂರು ಮಾಡಿದವರೂ ಅಧಿಕಾರಿಗಳೇ. ವಾರ್ಡ್ ಸಮಿತಿಯ ಸಭೆಗಳೂ ನಿಂತುಹೋದವು. ಎಷ್ಟೇ ದಕ್ಷ ಅಧಿಕಾರಿಯಿದ್ದರೂ, ಬೊರಿವಲಿಯ ದುಡ್ಡನ್ನು ಎಲ್ಲಿ ಖರ್ಚುಮಾಡಿದಿರಿ ಎಂದು ಸಭೆಯಲ್ಲಿ ಕೇಳುವ ಚುನಾಯಿತರು ಇಲ್ಲದಿದ್ದುದು ಸಣ್ಣ ನಷ್ಟವಲ್ಲ. ಮತ್ತೆ ಮತದಾನ ನಡೆದದ್ದು 2026ರ ಜನವರಿ 15ರಂದು.