ಸಗಣಿ ತೂಗಿದ ವಿಜ್ಞಾನಿಗಳು

ವಿಶ್ವವಿದ್ಯಾಲಯ ಇರೋದು ಡಿಗ್ರಿ ಕೊಡೋಕೆ ಮಾತ್ರಾನಾ? ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಪುಟ್ಟ ಊರಿನ ಕಥೆ ಕೇಳಿ.

1974. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿ 'ಅಸ್ತ್ರ' ಅನ್ನೋ ಘಟಕ ಕಟ್ಟಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸೋದೇ ಅದರ ಕೆಲಸ. ಪುರ ಇರೋ ತುಮಕೂರು ಜಿಲ್ಲೆಯ ಉಂಗ್ರದಲ್ಲೂ ಒಂದು ಕೇಂದ್ರ ತೆರೆದರು.

ಹಳ್ಳಿ ನಡೆಯೋಕೆ ಬೇಕಾದ ಶಕ್ತಿ ಎಲ್ಲಿಂದ ಬರುತ್ತೆ ಅಂತ ಮನೆಮನೆಯ ಲೆಕ್ಕ ತೆಗೆದರು. ಸೌದೆ ಆಯೋದು, ನೀರು ಹೊರೋದು, ಅಡುಗೆ ಮಾಡೋದು: ಹೆಚ್ಚಿನ ಭಾರ ಹೆಂಗಸರು, ಮಕ್ಕಳ ಮೇಲೆ. ಒಂದು ಪೈಸೆ ಕೂಲಿ ಇಲ್ಲ.

ಮುಂದೆ ಪುರದಲ್ಲಿ ಇಡೀ ಊರಿಗೆ ಸೇರಿದ ಗೋಬರ್ ಗ್ಯಾಸ್ ಸ್ಥಾವರ ಬಂತು. ಮನೆಗಳಿಂದ ಸಗಣಿ ಬಂತು. ತೂಕ ಹಾಕಿದರು, ಕೆಜಿ ಲೆಕ್ಕದಲ್ಲಿ ದುಡ್ಡು ಕೊಟ್ಟರು. ಗ್ಯಾಸಿನಿಂದ ಎಂಜಿನ್ ಓಡಿತು, ಕರೆಂಟ್ ಬಂತು. ಮನೆಗೆ ದೀಪ, ನಲ್ಲಿಗೆ ನೀರು. ಉಳಿದ ಬಗ್ಗಡ ಗೊಬ್ಬರವಾಗಿ ವಾಪಸ್. ಸ್ಥಾವರ ನಡೆಸಿದ್ದೂ ಊರಿನ ಹುಡುಗರೇ.

ಇದರಲ್ಲಿ ನನಗೆ ತುಂಬಾ ದೊಡ್ಡದು ಅನ್ನಿಸೋದು ಆ ತಕ್ಕಡಿ. ಬುಟ್ಟಿ ಹೊತ್ತು ತಂದ ದುಡಿಮೆಗೆ ಅಲ್ಲಿ ಬೆಲೆ ಸಿಕ್ಕಿತು.

'ಅಸ್ತ್ರ'ದ ಮಣ್ಣಿನ ಇಟ್ಟಿಗೆಯೂ ಹಾಗೇ. ಮಣ್ಣಿಗೆ ಚೂರು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿದರೆ ಆಯ್ತು, ಗೂಡಲ್ಲಿ ಸುಡಬೇಕಾಗಿಲ್ಲ. ಮನೆ ಕಟ್ಟೋ ಜಾಗದಲ್ಲೇ ಮಾಡಬಹುದು, ಕೂಲಿ ಅಲ್ಲಿಯವರಿಗೇ ಸಿಗುತ್ತೆ.

'ಅಸ್ತ್ರ' ಇವತ್ತಿಗೂ ಇದೆ, ಸುಸ್ಥಿರ ತಂತ್ರಜ್ಞಾನ ಕೇಂದ್ರ ಅನ್ನೋ ಹೆಸರಲ್ಲಿ. ನಿಮ್ಮ ಜಿಲ್ಲೆಯ ವಿಶ್ವವಿದ್ಯಾಲಯ ಯಾವ ಹಳ್ಳಿಯ ಜತೆ ಕೆಲಸ ಮಾಡ್ತಿದೆ? ಹೋಗಿ ಕೇಳಿ.