ಎದುರಿಗೆ ಗಾಳಿ, ಕಾಲಡಿಗೆ ಜ್ವಾಲಾಮುಖಿ

‘ಜ್ವಾಲಾಮುಖಿಯ ನಾಡಿನಲ್ಲಿ ಸೈಕಲ್ ತುಳಿದು ಬಂದೆ’ ಎಂದಾಗ ಹಾಸ್ಟೆಲಿನಲ್ಲಿ ಎಲ್ಲರೂ ನಕ್ಕರು. ‘ಯಾವಾಗ ಜಪಾನಿಗೆ ಹೋಗಿದ್ದಿಯೋ ಮಾರಾಯಾ?’ ಎಂದು ಕೇಳಿದವರೂ ಉಂಟು. ನಾನು ಹೋದದ್ದು ಪುಣೆಯಿಂದ ಸಾತಾರಕ್ಕೆ, ಅಲ್ಲಿಂದ ಚಾಳಕೇವಾಡಿಯ ಬಯಲಿಗೆ. ಆದರೂ ನನ್ನ ಮಾತು ಸುಳ್ಳಲ್ಲ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇಲ್ಲಿ ನೆಲ ಬಿರುಕುಬಿಟ್ಟು ಲಾವಾ ಉಕ್ಕಿತು. ಚಿತ್ರದಲ್ಲಿ ಕಾಣುವಂಥ ಹೊಗೆಯಾಡುವ ಶಿಖರದಿಂದಲ್ಲ, ಉದ್ದುದ್ದ ಸೀಳುಗಳಿಂದ. ಪದರದ ಮೇಲೆ ಪದರ ಹರಿದು, ಆರಿ, ಕರಿಕಲ್ಲಾಯಿತು. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿದೆ. ಕಾತ್ರಜ್ ಘಾಟಿನಲ್ಲಿ ರಸ್ತೆಗೆಂದು ಗುಡ್ಡ ಕಡಿದಲ್ಲಿ ನೋಡಿ: ಕರಿಕಲ್ಲಿನ ನಡುವೆ ಅಲ್ಲಲ್ಲಿ ಕೆಂಪು ಪಟ್ಟಿ. ಒಂದು ಪ್ರವಾಹ ಆರಿ ಮಣ್ಣಾಗತೊಡಗಿದ ಮೇಲೆ ಇನ್ನೊಂದು ಬಂದು ಮುಚ್ಚಿದ ಗುರುತು ಅದು. ಬೆಟ್ಟಗಳು ಮೆಟ್ಟಿಲಿನಂತೆ ಕಾಣುವುದೂ ಈ ಪದರಗಳಿಂದಲೇ. ಇವಕ್ಕೆ ‘ಟ್ರ್ಯಾಪ್’ ಎಂಬ ಹೆಸರು ಬಂದದ್ದು ಮೆಟ್ಟಿಲಿಗಿರುವ ಸ್ವೀಡಿಷ್ ಪದದಿಂದ. ನಮ್ಮ ವಿಜಾಪುರದ ಗೋಳಗುಮ್ಮಟದ ಕಲ್ಲು, ಸುತ್ತಲ ಎರೆಭೂಮಿ, ಎಲ್ಲವೂ ಇದೇ ಲಾವಾದ ಮಕ್ಕಳು.

ಇನ್ನು ಗಾಳಿ. ಜೂನ್ ಕೊನೆಯಲ್ಲಿ ನಾವಿಬ್ಬರು ಹೊರಟೆವು, ನಾನು ಮತ್ತು ಧಾರವಾಡದ ಗೆಳೆಯ. ಮೊದಲ ದಿನ ಖಂಬಾಟ್ಕಿ ಘಾಟು ಏರಿಳಿದು ಸಾತಾರ ಸೇರಿದೆವು. ಸುಮಾರು 110 ಕಿಲೋಮೀಟರ್. ನನಗೆ ಕೊಂಬು ಬಂತು. ಮರುದಿನ ಸಜ್ಜನಗಡದ ಬುಡ ದಾಟಿ ಠೋಸೇಘರದ ಕಡೆ ಏರಿದಾಗ ಆ ಕೊಂಬು ಮುರಿಯಿತು. ದಾರಿ ನೈಋತ್ಯಕ್ಕೆ, ಮುಂಗಾರಿನ ಗಾಳಿ ಅದೇ ದಿಕ್ಕಿನಿಂದ. ಬೆಟ್ಟಕ್ಕೆ ಬಡಿದ ಗಾಳಿ ನೆತ್ತಿಯನ್ನು ದಾಟುವಾಗ ಇಕ್ಕಟ್ಟಿನಲ್ಲಿ ನುಗ್ಗುವ ನೀರಿನಂತೆ ವೇಗ ಹೆಚ್ಚಿಸಿಕೊಳ್ಳುತ್ತದೆ. ಅಲ್ಲಿ ಸಾಲುಸಾಲು ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ.

ಲೆಕ್ಕ ಸರಳ. ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. ಗಂಟೆಗೆ 15 ಕಿಲೋಮೀಟರ್ ಹೋಗುವವನಿಗೆ 15ರ ಎದುರುಗಾಳಿ ಸಿಕ್ಕರೆ ಮೈಗೆ ಬಡಿಯುವುದು 30ರ ಗಾಳಿ. ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು! ನಾನೋ, ನಿನ್ನೆಯ ವೇಗವನ್ನೇ ಹಿಡಿಯುತ್ತೇನೆಂದು ಹಟ ತೊಟ್ಟೆ. ‘ನೀ ಮುಂದ ಹೋಗಪಾ, ನಾ ಸಾವಕಾಶ ಬರ್ತೀನಿ’ ಎಂದ ಗೆಳೆಯ. ಹೋಗಿಯೇಬಿಟ್ಟೆ. ಅರ್ಧ ಗಂಟೆಯಾದರೂ ಅವನ ಸುಳಿವಿಲ್ಲ. ತಿರುಗಿ ಬಂದು ನೋಡಿದರೆ ದಿಣ್ಣೆಯ ಮರೆ ಮುಗಿದ ತಿರುವಿನಲ್ಲಿ ಅಡ್ಡಗಾಳಿ ಅವನನ್ನು ಚರಂಡಿಗೆ ಕೆಡವಿತ್ತು. ಮೊಣಕಾಲಿನಿಂದ ರಕ್ತ. ‘ಏನೂ ಆಗಿಲ್ಲ ಬಿಡು’ ಎಂದ. ಆ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು.

ಆಗ ಕಲಿತದ್ದನ್ನು ಹೇಳುತ್ತೇನೆ. ಎದುರುಗಾಳಿಯಲ್ಲಿ ಕಿಲೋಮೀಟರ್ ಎಣಿಸಬೇಡಿ, ಗಂಟೆ ಎಣಿಸಿ. ಗೇರು ಇಳಿಸಿ, ಇಲ್ಲದಿದ್ದರೆ ಇಳಿದು ತಳ್ಳಿ, ನಾಚಿಕೆಯೇನಿಲ್ಲ. ಮೈ ಬಗ್ಗಿಸಿ. ಮರೆಯಿಂದ ಬಯಲಿಗೆ ಬರುವ ಮುಂಚೆ ಹ್ಯಾಂಡಲ್ ಗಟ್ಟಿಯಾಗಿ ಹಿಡಿಯಿರಿ. ಎಲ್ಲಕ್ಕಿಂತ ಮುಖ್ಯ, ಜೊತೆ ಬಿಡಬೇಡಿ. ಮುಂದಿನವನ ಬೆನ್ನ ಹಿಂದೆ ಹತ್ತಿರವಾಗಿ ತುಳಿದರೆ ಹಿಂದಿನವನಿಗೆ ಗಾಳಿಯ ತಡೆ ಕಾಲುಭಾಗಕ್ಕೂ ಹೆಚ್ಚು ಇಳಿಯುತ್ತದೆ. ಸರದಿಯ ಮೇಲೆ ಮುಂದಾಗಬೇಕು. ಬಲವಿದ್ದವನು ಓಡಿಹೋಗಬಾರದು, ಗೋಡೆಯಾಗಬೇಕು.

ಗಾಯಕ್ಕೆ ಕರವಸ್ತ್ರ ಕಟ್ಟಿ, ಉಳಿದ ದಾರಿಯುದ್ದಕ್ಕೂ ನಾನೇ ಮುಂದಿದ್ದೆ, ನಿಧಾನವಾಗಿ. ಗಾಳಿಯಂತ್ರಗಳ ಕೆಳಗೆ ನಿಂತು ಶೇಂಗಾ ತಿಂದೆವು. ಮರಳುವಾಗ ಅದೇ ಗಾಳಿ ಬೆನ್ನಿಗೆ ಬಂತು, ಪೆಡಲ್ ತುಳಿಯುವ ಕೆಲಸವೇ ಇರಲಿಲ್ಲ. ‘ಈಗ ಯಾಕ ಮುಂದ ಓಡವಲ್ಲಿ?’ ಎಂದು ಗೆಳೆಯ ನಕ್ಕ. ನಾನು ಬ್ರೇಕು ಹಿಡಿದೇ ಇದ್ದೆ.